ಹೊಟ್ಟೆಗಲ್ಲದ ಸಾಹಸ

ಹಿಮ ಬೀಳುವುದನ್ನು ನಾನು ಸಿನಿಮಾದಲ್ಲಿ ಬಿಟ್ಟರೆ ಬೇರೆಲ್ಲಿಯೂ ಕಂಡವನಲ್ಲ. ವಿಮಾನ ಏರಿದ್ದೂ ಒಮ್ಮೆಯೇ. ಆಗಲೂ ಕಿಟಕಿಯ ಪಕ್ಕದ ಜಾಗವನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟು, ಇಳಿಯುವವರೆಗೆ ಕಣ್ಣು ಮುಚ್ಚಿ ಕುಳಿತಿದ್ದೆ. ಇಂಥವನು ಹಿಮದ ಮೇಲೆ ಇಳಿದೇಳುವ ಪುಟ್ಟ ವಿಮಾನಗಳ ವಿಷಯವಾಗಿ, ಅದರಲ್ಲೂ ಅವುಗಳ ಧರ್ಮಾಧರ್ಮದ ವಿಷಯವಾಗಿ, ಬರೆಯಹೊರಟರೆ ವಾಚಕರು ನಗುವುದು ಸಹಜ. ನಗಲಿ. ಈ ಪ್ರಶ್ನೆಯನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಒಂದು ಜನವರಿಯ ಮುಂಜಾನೆ ಅದು ಸಿಂಧನೂರಿನ ನಮ್ಮ ಮನೆಯ ಬಾಗಿಲಿಗೆ ಶಾಲು ಹೊದ್ದುಕೊಂಡು ತಾನಾಗಿಯೇ ಬಂತು.

ಬಂದವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದೊಳಗೆ ದುಡಿದು ನಿವೃತ್ತರಾದವರು. ಮಗ ಪಿ.ಯು.ಸಿ.ಯಲ್ಲಿ ನನ್ನ ಕನ್ನಡ ತರಗತಿಯ ಕೊನೆಯ ಬೆಂಚಿನವನು. ಮುಂದೆ ಇಂಜಿನಿಯರಾಗಿ ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದಾನೆ. ಯುಗಾದಿಗೊಮ್ಮೆ ತಪ್ಪದೆ ಫೋನು ಮಾಡುತ್ತಾನೆ. ಕೊನೆಯ ಬೆಂಚಿನವರೇ ನಮ್ಮಂಥವರನ್ನು ನೆನಪಿಟ್ಟುಕೊಳ್ಳುವುದು ಯಾಕೋ ನನಗೆ ಇದುವರೆಗೆ ತಿಳಿದಿಲ್ಲ.

ಹಿರಿಯರು ಚಹಾ ಮುಟ್ಟಲಿಲ್ಲ. ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ನನ್ನ ಮುಂದೆ ಹಿಡಿದರು. ಕಣ್ಣು ಹರಿಯುವಷ್ಟು ದೂರ ಬಿಳುಪು. ನಡುವೆ ಹಳದಿ ಬಣ್ಣದ, ಎರಡು ಆಸನಗಳ ಪುಟ್ಟ ವಿಮಾನ. ಚಕ್ರಗಳಿರಬೇಕಾದಲ್ಲಿ ಮುಂದುಗಡೆ ಮೇಲಕ್ಕೆ ಬಾಗಿದ ಎರಡು ಉದ್ದನೆಯ ಹಲಗೆಗಳು. ಪಕ್ಕದಲ್ಲಿ ದಪ್ಪ ಕೋಟು ತೊಟ್ಟು ಹಲ್ಲು ಬಿಡುತ್ತ ನಿಂತ ನಮ್ಮ ಹುಡುಗ.

"ನೋಡ್ರಿ ಮಾಸ್ತರ, ಎರಡು ವರ್ಷ ಆತಂತ, ಇದರಾಗ ಕುಂತು ಹಾರಾಕತ್ಯಾನ. ನಮಗ ಹೇಳೇ ಇಲ್ಲ. ಸೊಸಿ ಬಾಯಿ ತಪ್ಪಿ ಅಂದ್ಲು."

"ಕಂಪನಿ ಕೆಲಸಕ್ಕೇನು ಕಾಕಾ?" ಎಂದೆ.

"ಕೆಲಸಕ್ಕಾಗಿದ್ರ ನಾ ಯಾಕ ಬರ್ತಿದ್ದೆ? ಸೂಟಿ ದಿನ ಹಾರ್ತಾನ. ಸುಮ್ನ." ಆ 'ಸುಮ್ನ' ಎಂಬ ಮಾತನ್ನು ಅವರು ಬಾಯಿಂದ ಉಗುಳುವಂತೆ ಹೇಳಿದರು. "ನಾ ಮೂವತ್ತು ವರ್ಷ ಕೆಳಗ ಇಳಿದೆ. ಹೊಟ್ಟಿ ಸಲುವಾಗಿ ಇಳಿದೆ. ಇವ ಯಾರ ಹೊಟ್ಟಿ ಸಲುವಾಗಿ ಏರ್ತಾನ? ಮನ್ಯಾಗ ಎರಡು ವರ್ಷದ ಕೂಸೈತಿ. ನೀವೊಂದು ಕಾಗದ ಬರೀರಿ. ನಿಮ್ಮ ಮಾತು ಕೇಳ್ತಾನ."

ಅಧ್ಯಾಪಕನಿಗೆ ಇದಕ್ಕಿಂತ ಸಿಹಿಯಾದ ಮಾತಿಲ್ಲ. ಬರೆಯುತ್ತೇನೆಂದು ಒಪ್ಪಿಕೊಂಡೆ. ಏನು ಬರೆಯಬೇಕೆಂಬುದು ಒಪ್ಪಿಕೊಂಡ ಮೇಲೆ ಯೋಚಿಸಬೇಕಾದ ವಿಷಯವಾಯಿತು.

ಆರೋಪಿಯನ್ನು ಕೇಳದೆ ತೀರ್ಪು ಬರೆಯಬಾರದಲ್ಲವೆ? ಆ ರಾತ್ರಿ ಹುಡುಗನಿಗೆ ಫೋನು ಮಾಡಿದೆ. ಮೊದಲು ನಾಚಿಕೊಂಡ, ವಿಮಾನದ ಮಾತು ಬಂದ ಮೇಲೆ ನಿಲ್ಲಿಸಲಿಲ್ಲ. ಅಲ್ಲಿ ವಿನ್ನೆಬಾಗೊ ಎಂಬ ದೊಡ್ಡ ಸರೋವರವಿದೆಯಂತೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಅದರ ಮೇಲೆ ಜನ ಮೋಟಾರು ಓಡಿಸಿಕೊಂಡು ಹೋಗಿ, ತೂತು ಕೊರೆದು ಮೀನು ಹಿಡಿಯುತ್ತಾರಂತೆ. ಅದರ ದಡದಲ್ಲಿರುವ ಓಶ್‌ಕೋಶ್ ಊರಿನಲ್ಲಿ ಜನವರಿ ಬಂತೆಂದರೆ ಸ್ಕೀ ಕಟ್ಟಿದ ವಿಮಾನಗಳ ಕೂಟ. ಯಾರಿಗೂ ಬಹುಮಾನವಿಲ್ಲ. ಹಾರಿ ಬರುತ್ತಾರೆ, ಹಿಮದ ಮೇಲೆ ಇಳಿಯುತ್ತಾರೆ, ಬಿಸಿಯಾದದ್ದೇನನ್ನೋ ಕುಡಿದು ತಿಂದು ಮಾತಾಡುತ್ತಾರೆ, ಕತ್ತಲಾಗುವ ಮುಂಚೆ ಹಾರಿ ಮನೆಗೆ ಹೋಗುತ್ತಾರೆ. ನಮ್ಮ ಹುಡುಗ ಇನ್ನು ಮೂವರೊಡನೆ ಪಾಲು ಹಾಕಿ ಏರೊಂಕಾ ಚೀಫ್ ಎಂಬ ಹಳೆಯ ವಿಮಾನವೊಂದನ್ನು ಕೊಂಡಿದ್ದಾನೆ. ೧೯೪೦ರ ದಶಕದ ಮಾಲು, ಅರವತ್ತೈದು ಅಶ್ವಶಕ್ತಿಯ ಎಂಜಿನು.

ಈ ಹೆಸರು ಕೇಳಿದಾಗ ಎಲ್ಲೋ ಓದಿದ ನೆನಪಾಗಿ ಹುಡುಕಿದೆ. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ನಮ್ಮ ಹಾರಾಟದ ಕ್ಲಬ್ಬುಗಳಿಗಾಗಿ 'ಪುಷ್ಪಕ' ಎಂಬ ಎರಡಾಸನದ ವಿಮಾನವನ್ನು ತಯಾರಿಸಿತ್ತು. ಅದು ಮೊದಲು ಹಾರಿದ್ದು ೧೯೫೮ರ ಸೆಪ್ಟೆಂಬರಿನಲ್ಲಿ. ಅದರ ಮೈಕಟ್ಟು ಹೆಚ್ಚು ಕಡಿಮೆ ಈ ಏರೊಂಕಾ ಚೀಫಿನದೇ. ಒಂದೇ ಮನೆತನದ ಎರಡು ಕುಡಿಗಳು. ಒಂದಕ್ಕೆ ರಾವಣನ ರಥದ ಹೆಸರು, ಇನ್ನೊಂದರ ಕಾಲಿಗೆ ಹಿಮದ ಪಾದುಕೆ.

ಹುಡುಗ ವಿವರಿಸಿದ್ದರಲ್ಲಿ ನನ್ನನ್ನು ಹಿಡಿದದ್ದು ಹಾರಾಟದ ವರ್ಣನೆಯಲ್ಲ, ಹಾರುವ ಮುಂಚಿನ ಪಾಡು. ಸೊನ್ನೆಗೆ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನಿನ ಎಣ್ಣೆ ಕಾಕಂಬಿಯಂತೆ ಗಟ್ಟಿಯಾಗಿರುತ್ತದೆ. ಮೂತಿಗೆ ಕಂಬಳಿ ಹೊದಿಸಿ, ಕೆಳಗಿನಿಂದ ಬಿಸಿಗಾಳಿ ಕೊಟ್ಟು, ಗಂಟೆಗಟ್ಟಲೆ ಕಾಯಬೇಕು. ಹಿಂದಿನ ಕಾಲದ ಅಲಾಸ್ಕದ ವೈಮಾನಿಕರು ರಾತ್ರಿ ಎಣ್ಣೆಯನ್ನು ಡಬ್ಬಿಗೆ ಇಳಿಸಿಕೊಂಡು, ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ಮತ್ತೆ ಹೊಯ್ಯುತ್ತಿದ್ದರು. ರೆಕ್ಕೆಯ ಮೇಲೆ ಕೂತ ಹಿಮದ ತೆಳುಪೊರೆಯನ್ನೂ ಉಳಿಸದೆ ಉಜ್ಜಿ ತೆಗೆಯಬೇಕು. ಆ ಪೊರೆ ಉಳಿದರೆ ರೆಕ್ಕೆ ಎತ್ತಬೇಕಾದಷ್ಟು ಭಾರವನ್ನು ಎತ್ತುವುದಿಲ್ಲ. ನಿಂತಲ್ಲೇ ಸ್ಕೀ ಹಿಮಕ್ಕೆ ಅಂಟಿ ಹೆಪ್ಪುಗಟ್ಟುವುದುಂಟು. ಬಾಲ ಹಿಡಿದು ಅಲುಗಾಡಿಸಿ ಬಿಡಿಸಬೇಕು. ಸ್ಕೀಗೆ ಬ್ರೇಕಿಲ್ಲ. ಇಳಿದ ವಿಮಾನ ತಾನಾಗಿ ನಿಂತಾಗಲೇ ನಿಲ್ಲುವುದು.

ಇಳಿಯುವ ಜಾಗವನ್ನು ನಂಬುವಂತಿಲ್ಲ. ಸರೋವರದ ಗಡ್ಡೆಯ ಮೇಲೆ, ಹಿಮದ ಹೊದಿಕೆಯ ಕೆಳಗೆ, ಕಣ್ಣಿಗೆ ಕಾಣದ ನೀರು ನಿಂತಿರುತ್ತದೆ. ಅದರಲ್ಲಿ ಸಿಕ್ಕಿಕೊಂಡರೆ ಸ್ಕೀ ಅಲ್ಲಿಯೇ ಹೆಪ್ಪುಗಟ್ಟಿ ಸೆರೆಯಾಗುತ್ತದೆ. ಅದಕ್ಕೆ ಮೊದಲು ನಿಲ್ಲದೆ ಸ್ಕೀಯನ್ನು ಒಮ್ಮೆ ನೆಲಕ್ಕೆ ಉಜ್ಜಿ ಮೇಲೇರಿ, ಒಂದು ಸುತ್ತು ಹೊಡೆದು ಬಂದು, ಆ ಗೆರೆಗಳು ಕಪ್ಪಾಗಿವೆಯೇ ಎಂದು ನೋಡುತ್ತಾರೆ. ಕಪ್ಪಾಗಿದ್ದರೆ ನೀರು. ಮೋಡ ಕವಿದ ದಿನವಂತೂ ಹಿಮಕ್ಕೆ ನೆರಳೇ ಇರುವುದಿಲ್ಲ. ನೆಲ ಹತ್ತು ಮೊಳ ಕೆಳಗಿದೆಯೋ ನೂರು ಮೊಳ ಕೆಳಗಿದೆಯೋ ಕಣ್ಣಿಗೆ ತಿಳಿಯದು. ಹಿಂದಿನವರು ಮೇಲಿಂದ ಮರದ ಟೊಂಗೆಗಳನ್ನು ಎಸೆದು, ಬಿಳುಪಿನ ಮೇಲೆ ಆ ಕಪ್ಪು ಗುರುತು ನೋಡಿಕೊಂಡು ಇಳಿಯುತ್ತಿದ್ದರಂತೆ.

"ಅಷ್ಟು ಕಷ್ಟಪಟ್ಟು ಹಾರಿ ಏನು ನೋಡುತ್ತೀಯೋ?" ಎಂದೆ.

"ಏನೂ ಇಲ್ಲ ಸರ್. ಬರೇ ಬಿಳುಪು. ಆಮೇಲೆ ನನ್ನ ವಿಮಾನದ ನೆರಳು."

ಈ ಉತ್ತರದಿಂದ ತಂದೆಯನ್ನು ಸಮಾಧಾನಪಡಿಸುವ ಬಗೆ ನನಗೆ ತೋಚಲಿಲ್ಲ.

ಮರುದಿನ ಅವರು ಹಟ್ಟಿಗೆ ಹೊರಟರು. ನನಗೂ ಮಸ್ಕಿಯಲ್ಲಿ ಕೆಲಸವಿತ್ತು. ಲಿಂಗಸುಗೂರಿನ ಬಸ್ಸಿನಲ್ಲಿ ಒಟ್ಟಿಗೆ ಕುಳಿತೆವು. ಕಾಲುವೆಯ ನೀರು ಹರಿಯುವ ಕಡೆ ಗದ್ದೆಗಳನ್ನು ಎರಡನೆಯ ಬೆಳೆಗೆ ಕೆಸರು ಮಾಡುತ್ತಿದ್ದರು. ನಾನು ಸ್ಕೀ ಎಂದರೇನೆಂದು ವಿವರಿಸತೊಡಗಿದಾಗ ಹಿರಿಯರು ಕೈಯೆತ್ತಿ ತಡೆದರು. "ತಿಳೀತು ಬಿಡ್ರಿ. ಗದ್ದಿ ಹಸನ ಮಾಡೂ ಹಲಗಿ ಇದ್ದಂಗ." ಎತ್ತುಗಳ ಹಿಂದೆ ಕಟ್ಟಿ ಕೆಸರನ್ನು ಸಮಮಾಡುವ ಹಲಗೆ! ಭಾರಕ್ಕಾಗಿ ಅದರ ಮೇಲೆ ಹುಡುಗರನ್ನು ನಿಲ್ಲಿಸುತ್ತಾರೆ. ಸೂಟಿಯಲ್ಲಿ ದೊಡ್ಡಪ್ಪನ ಊರಿಗೆ ಬಂದಾಗ ಇವನೂ ಹಾಗೆ ನಿಲ್ಲುತ್ತಿದ್ದನಂತೆ. ಇಳಿ ಎಂದರೆ ಇಳಿಯುತ್ತಿರಲಿಲ್ಲವಂತೆ. ಅಲಾಸ್ಕದಲ್ಲಿ ಬಾಬ್ ರೀವ್ ಎಂಬ ವೈಮಾನಿಕನೊಬ್ಬನಿದ್ದ. ಬೇಸಿಗೆಯಲ್ಲಿ ಊರಿನ ಸುತ್ತ ಹಿಮ ಕರಗಿದರೂ ಮೇಲಿನ ಹಿಮನದಿಗಳ ಮೇಲೆ ಇಳಿಯಲು ಸ್ಕೀ ಬೇಕೇ ಬೇಕು. ಅವನು ವಾಲ್ಡೀಸ್ ಎಂಬ ಊರಿನ ಸಮುದ್ರತೀರದ ಕೆಸರಿನ ಮೇಲಿಂದಲೇ ಸ್ಕೀ ಜಾರಿಸಿಕೊಂಡು ಮೇಲೇರುತ್ತಿದ್ದ. ಇದನ್ನು ಹೇಳಿದಾಗ ಹಿರಿಯರ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡೆ. ಕೆಸರು ಅವರಿಗೆ ತಿಳಿದ ವಸ್ತು.

ಆ ನಗುವನ್ನು ನೋಡಿ ಧೈರ್ಯ ಬಂದು ನನ್ನ ಬತ್ತಳಿಕೆಯ ದೊಡ್ಡ ಬಾಣವನ್ನು ತೆಗೆದೆ. ೧೯೪೬ರ ನವೆಂಬರಿನಲ್ಲಿ ಅಮೆರಿಕದ ಸೇನಾವಿಮಾನವೊಂದು ಸ್ವಿಟ್ಜರ್ಲೆಂಡಿನ ಗೌಲಿ ಎಂಬ ಹಿಮನದಿಯ ಮೇಲೆ ಬಿತ್ತು. ಒಳಗೆ ಹನ್ನೆರಡು ಜನ. ನಡೆದು ಹೋದವರು ತಲುಪಿದರೂ ಗಾಯಾಳುಗಳನ್ನು ಇಳಿಸಿ ತರುವುದು ಸಾಧ್ಯವಿರಲಿಲ್ಲ. ಕೊನೆಗೆ ಹಿಟ್ಸ್ ಮತ್ತು ಹುಗ್ ಎಂಬ ಇಬ್ಬರು ಸ್ವಿಸ್ ವೈಮಾನಿಕರು ಸ್ಕೀ ಕಟ್ಟಿದ ಪುಟ್ಟ ವಿಮಾನಗಳನ್ನು ಹಿಮನದಿಯ ಮೇಲೆಯೇ ಇಳಿಸಿ, ಮತ್ತೆ ಮತ್ತೆ ಹಾರಿ, ಹನ್ನೆರಡು ಜನರನ್ನೂ ಜೀವಸಹಿತ ಕೆಳಗೆ ತಂದರು. ಅದೇ ದೇಶದ ಹರ್ಮನ್ ಗೈಗರ್ ಎಂಬಾತ ೧೯೫೨ರಲ್ಲಿ, ಚಕ್ರವನ್ನೂ ಸ್ಕೀಯನ್ನೂ ಬೇಕಾದಂತೆ ಬಳಸಬಲ್ಲ ವಿಮಾನದಲ್ಲಿ ಹಿಮನದಿಯ ಮೇಲೆ ಇಳಿದು, ಮುಂದೆ ಪರ್ವತದಲ್ಲಿ ಸಿಕ್ಕಿಬಿದ್ದ ಎಷ್ಟೋ ಜನರನ್ನು ಬದುಕಿಸಿದ. "ನೋಡಿ ಕಾಕಾ, ಇಂದು ಆಟವಾಗಿ ಕಂಡದ್ದು ನಾಳೆ ಒಬ್ಬರ ಪ್ರಾಣ ಉಳಿಸೀತು."

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇವ ಯಾರನ್ನ ಉಳಿಸ್ಯಾನ?"

ನನ್ನ ಬಾಣ ಅಲ್ಲಿಯೇ ಮುರಿಯಿತು. ನಿಜವಾಗಿ ಅದು ನೇರವಾದ ಬಾಣವೂ ಅಲ್ಲ. ೧೯೬೦ರ ಜೂನಿನಲ್ಲಿ ಆನ್ರಿ ಜಿರೋ ಎಂಬ ಫ್ರೆಂಚ್ ವೈಮಾನಿಕ ಮೌಂಟ್ ಬ್ಲಾಂಕಿನ ನೆತ್ತಿಯ ಮೇಲೆಯೇ ವಿಮಾನವನ್ನು ಇಳಿಸಿದ. ಅಲ್ಲಿ ಅವನಿಗಾಗಿ ಯಾವ ಗಾಯಾಳುವೂ ಕಾದಿರಲಿಲ್ಲ. ಆಟವನ್ನು ಉಪಯೋಗದ ಹೆಸರಿನಲ್ಲಿ ಸಮರ್ಥಿಸುವವನು ಮಗುವಿನ ಕುಣಿತವನ್ನು ವ್ಯಾಯಾಮವೆಂದು ಸಮರ್ಥಿಸಿದಂತೆ. ಹುಡುಗನೇ ಹೇಳಿದ್ದನಲ್ಲ, ಬರೇ ಬಿಳುಪು ಎಂದು. ಅವನು ಹೇಳದ ಪುಣ್ಯವನ್ನು ಅವನ ತಲೆಗೆ ಕಟ್ಟಲು ನಾನು ಯಾರು?

(ಈ ಸಂಭಾಷಣೆಯೆಲ್ಲ ನಡೆದದ್ದು ಎದುರಿನ ಲಾರಿಗೆ ದಾರಿ ಕೊಡದೆ ಮುಂದಿನ ಟ್ರ್ಯಾಕ್ಟರನ್ನು ಹಿಂದೆ ಹಾಕುತ್ತಿದ್ದ ಬಸ್ಸಿನಲ್ಲಿ. ನಮ್ಮಿಬ್ಬರಿಗೂ ಅದು ಅಪಾಯವೆಂದು ತೋರಲಿಲ್ಲ. ರೂಢಿಯಾದ ಅಪಾಯಕ್ಕೆ ಅಪಾಯವೆಂಬ ಹೆಸರು ಹೋಗಿಬಿಡುತ್ತದೆ.)

ಮಸ್ಕಿಯಲ್ಲಿ ಅವರೂ ನನ್ನೊಡನೆ ಇಳಿದರು. ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದರೂ ಅಶೋಕನ ಶಾಸನವನ್ನು ಅವರು ನೋಡಿರಲಿಲ್ಲ. ವಾಚಕರು ಬಲ್ಲರು: ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಈ ಗುಡ್ಡದಲ್ಲಿ ಕಂಡ ಆ ಬಂಡೆಯ ಮೇಲೆ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೇ ಇತ್ತು; ಹೆಚ್ಚಿನ ಕಡೆ ಬರೀ ಬಿರುದಿನಿಂದ ಮಾತಾಡಿದ ದೊರೆ ಯಾರೆಂಬುದು ಅದರಿಂದ ಖಚಿತವಾಯಿತು. ಚಿನ್ನದ ಕಸುಬಿನವನ ಕಣ್ಣಿಗೆ ಅಕ್ಷರ ಬಿತ್ತು. ಹಟ್ಟಿಯ ಸುತ್ತಲಿನ ಹಳೆಯ ಗುಣಿಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಇವರ ಕಸುಬಿನ ಪೂರ್ವಜರು ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ಒಡೆಯುತ್ತ ನೂರಾರು ಅಡಿ ಕೆಳಗೆ ಇಳಿದಿದ್ದರು. ಅವರು ಹೊಟ್ಟೆಗಾಗಿ ಇಳಿದರೋ, ಯಾರಾದರೂ ಇಳಿಸಿದ್ದರಿಂದ ಇಳಿದರೋ, ಬಂಡೆಯ ಮೇಲೆ ಬರೆದಿಲ್ಲ.

ಬರೆದಿರುವುದರ ತಾತ್ಪರ್ಯವನ್ನು ನಾನು ಹೇಳಿದೆ: ಧರ್ಮದಲ್ಲಿ ತೊಡಗಿದವನಾದರೆ ಅಲ್ಪನಾದವನೂ ಇದನ್ನು ಪಡೆಯಬಲ್ಲ, ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬೇಡಿರಿ, ಎಂದು ದೊರೆ ಸಾರುತ್ತಾನೆ. ಹೇಳುತ್ತಿದ್ದಂತೆ ನನಗೇ ಒಂದು ವಿಚಾರ ಹೊಳೆಯಿತು. ಹಿರಿಯರ ನಿಯಮವನ್ನು ಒಪ್ಪಿದರೆ ಏನಾಗುತ್ತದೆ? ಹಸಿವು ತಳ್ಳಿದಾಗ ಮಾತ್ರ ಮನುಷ್ಯ ಪ್ರಾಣವನ್ನು ಒಡ್ಡಬಹುದು ಎಂದಾಗುತ್ತದೆ. ಎಂದರೆ ಬಡವನ ಧೈರ್ಯಕ್ಕೆ ಯಾವಾಗಲೂ ಒಬ್ಬ ಯಜಮಾನ ಬೇಕು, ಒಂದು ಕೂಲಿ ಬೇಕು. ಕುದುರೆಯ ಮೇಲೆ ಕುಳಿತು ಹುಲಿಯ ಬೇಟೆಗೆ ಹೋದ ಅರಸನ ಸಾಹಸಕ್ಕೆ ನಾವು ಹಾಡು ಕಟ್ಟಿದ್ದೇವೆ. ಅವನಿಗೆ ಯಾವ ಹೊಟ್ಟೆಪಾಡಿತ್ತು? ಗಣಿಯವನ ಮಗ ತನ್ನ ಸೂಟಿಯ ದಿನ ತಾನೇ ಆರಿಸಿಕೊಂಡ ಒಂದು ಗಂಡಾಂತರದ ಬಳಿಗೆ ಹೋದರೆ ಅದು ಪಾಪವೇ? ತಂದೆ ಮೂವತ್ತು ವರ್ಷ ಇಳಿದದ್ದರಿಂದಲೇ ಮಗನಿಗೆ ಹೀಗೆ ಸುಮ್ಮನೆ ಏರುವ ಸ್ವಾತಂತ್ರ್ಯ ಬಂತಲ್ಲವೆ?

ಇದನ್ನು ಆದಷ್ಟು ಮೆತ್ತಗೆ ಹೇಳಿದೆ. ಹಿರಿಯರು ಬಂಡೆಯನ್ನು ನೋಡುತ್ತಲೇ ಇದ್ದರು. "ಧರ್ಮ ಹಿಡದಾವ ಅಂತ ಬರಸ್ಯಾನಲ್ಲ ಮಾಸ್ತರ. ಹಾರೂದು ಧರ್ಮ ಏನು?"

ತರಗತಿಯಲ್ಲಿ ಇಂಥ ಪ್ರಶ್ನೆ ಕೇಳುವವರು ಈಗ ಇಲ್ಲ.

ಅವರನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬಂದವನು ರಾಮಾಯಣ ತೆಗೆದೆ. ಕಿಷ್ಕಿಂಧಾ ಕಾಂಡದಲ್ಲಿ ಸಂಪಾತಿಯ ಕಥೆ ಬರುತ್ತದೆ. ಸಂಪಾತಿ, ಜಟಾಯು ಅಣ್ಣತಮ್ಮಂದಿರು. ಯೌವನದ ಸೊಕ್ಕಿನಲ್ಲಿ ಪಂದ್ಯ ಕಟ್ಟಿ ಸೂರ್ಯನ ಬೆನ್ನು ಹತ್ತಿ ಹಾರಿದರು. ಮೇಲಿಂದ ನೋಡಿದರೆ ಊರುಗಳು ಗಾಲಿಗಳಷ್ಟು, ನದಿಗಳು ದಾರದಷ್ಟು. ಯಾವ ಕಾರ್ಯವೂ ಇಲ್ಲದ ಹಾರಾಟ. ನಮ್ಮ ಹಿರಿಯರ ಮಾತಿನಲ್ಲಿ 'ಸುಮ್ನ'. ತಮ್ಮ ಬಿಸಿಲಿಗೆ ಬಳಲಿದಾಗ ಅಣ್ಣ ತನ್ನ ರೆಕ್ಕೆಯ ನೆರಳು ಹಿಡಿದ. ರೆಕ್ಕೆ ಸುಟ್ಟು ವಿಂಧ್ಯದಲ್ಲಿ ಬಿದ್ದ. ಜಟಾಯು ಮುಂದೆ ಸೀತೆಗಾಗಿ ರಾವಣನೊಡನೆ ಹೋರಾಡಿ ಸತ್ತ. ಅವನ ಆ ಹಾರಾಟವನ್ನು ಎಲ್ಲರೂ ಬಲ್ಲರು, ನಾನೂ ಪಾಠ ಮಾಡಿದ್ದೇನೆ. ಅಣ್ಣನ ಹಾರಾಟವನ್ನು ಒಮ್ಮೆಯೂ ಮಾಡಿರಲಿಲ್ಲ.

ಈ ಸಲ ಓದುವಾಗ ಮನಸ್ಸು ನಿಂತದ್ದು ಬೇರೊಂದು ಕಡೆ. ಪಂದ್ಯ ಕಟ್ಟಿದವರು ಇಬ್ಬರು. ರೆಕ್ಕೆ ಸುಟ್ಟದ್ದು ಒಬ್ಬನದು. ಆಟದಲ್ಲಿ ಒಡ್ಡಿದ್ದೇನು, ತೆತ್ತವರು ಯಾರು ಎಂಬುದು ಬೇರೆ ಬೇರೆ. ಧರ್ಮರಾಯನ ಜೂಜಿನಲ್ಲಿಯೂ ಹಾಗೆಯೇ ಅಲ್ಲವೆ? ಅವನು ತನ್ನ ಕೊರಳ ಸರವನ್ನು, ತನ್ನ ಭಂಡಾರವನ್ನು ಒಡ್ಡಿ ಸೋತಿದ್ದರೆ ಭಾರತವೇ ನಡೆಯುತ್ತಿರಲಿಲ್ಲ. ತಮ್ಮಂದಿರನ್ನು ಒಡ್ಡಿದ, ದ್ರೌಪದಿಯನ್ನು ಒಡ್ಡಿದ. ಸಭೆಯಲ್ಲಿ ಅವಳು ಕೇಳಿದ್ದೂ ಅದನ್ನೇ: ಪಣಕ್ಕಿಟ್ಟದ್ದು ಅವನದಾಗಿತ್ತೇ? ಭೀಷ್ಮನಂಥವನಿಗೂ ಉತ್ತರ ಹೊಳೆಯಲಿಲ್ಲ.

ಹುಡುಗನ ಬಗ್ಗೆ ಅಷ್ಟು ಕಟುವಾಗಿ ಹೇಳಲಾರೆ. ಜೂಜುಗಾರ ಎಂಜಿನು ಬಿಸಿಯಾಗಲೆಂದು ಚಳಿಯಲ್ಲಿ ನಿಂತು ಕಾಯುವುದಿಲ್ಲ. ಇಳಿಯುವ ಮುಂಚೆ ಗೆರೆ ಕಪ್ಪಾಯಿತೇ ಎಂದು ಸುತ್ತು ಹಾಕುವುದಿಲ್ಲ. ಅವನಿಗೆ ಬೇಕಾದದ್ದು ಅಪಾಯವಲ್ಲ; ಅಪಾಯದ ನೆರೆಯಲ್ಲಿ ತಪ್ಪಿಲ್ಲದೆ ನಡೆದುಕೊಳ್ಳುವುದು. ಅದು ಗಣಿಯವನ ಗುಣವೇ, ತಂದೆಯಿಂದ ಬಂದದ್ದು. ಆದರೂ ಅಷ್ಟೆಲ್ಲ ಎಚ್ಚರದ ನಡುವೆ ಅವನು ಒಂದು ಲೆಕ್ಕವನ್ನು ಬಿಟ್ಟಿದ್ದ. ಎರಡು ವರ್ಷ ಮನೆಯಲ್ಲಿ ಹೇಳದೆ ಹಾರಿದ್ದ. ಹಿಮದಲ್ಲಿ ಅವನು ಸಿಕ್ಕಿಕೊಂಡರೆ ಹುಡುಕಲು ಹೋಗುವವರ ಪ್ರಾಣವೂ ಆ ಪಣದಲ್ಲಿ ಸೇರಿದೆ. ಎಷ್ಟು ಎಚ್ಚರವಿದ್ದರೂ ಒಂದು ಪಾಲು ಉಳಿದೇ ಉಳಿಯುತ್ತದೆ. ಅಷ್ಟೆಲ್ಲ ಹಿಮನದಿಗಳನ್ನು ಗೆದ್ದ ಗೈಗರ್ ಸತ್ತದ್ದು ೧೯೬೬ರಲ್ಲಿ, ತನ್ನೂರು ಸಿಯೋನಿನ ವಿಮಾನನಿಲ್ದಾಣದಲ್ಲಿ, ನೆಲ ಬಿಡುವಾಗ ಒಂದು ಗ್ಲೈಡರಿಗೆ ಡಿಕ್ಕಿ ಹೊಡೆದು.

ಹಟ್ಟಿಗೆ ಫೋನು ಮಾಡಿ ಹಿರಿಯರನ್ನು ಕೇಳಿದೆ: ನೀವು ಗಣಿಗೆ ಇಳಿದಾಗ ಮೇಲಿನವರಿಗೆ ಹೇಗೆ ತಿಳಿಯುತ್ತಿತ್ತು? "ಬಿಲ್ಲೆ ಇರ್ತಿತ್ತಲ್ಲ," ಎಂದರು. ಇಳಿಯುವಾಗ ನಂಬರಿನ ಬಿಲ್ಲೆ, ಮೇಲೆ ಬಂದ ಮೇಲೆ ಅದರ ಲೆಕ್ಕ. ಪಾಳಿ ಮುಗಿದ ಮೇಲೆ ಒಂದು ಬಿಲ್ಲೆಯ ಲೆಕ್ಕ ತಪ್ಪಿದರೂ ಒಬ್ಬ ಇನ್ನೂ ಕೆಳಗಿದ್ದಾನೆಂದು ಅರ್ಥ. ಯಾರೂ ಮನೆಗೆ ಹೋಗುವಂತಿಲ್ಲ. ಹುಡುಗನನ್ನು ಕೇಳಿದೆ. ವೈಮಾನಿಕರಲ್ಲಿಯೂ ಅದೇ ಪದ್ಧತಿ: ಎಲ್ಲಿಗೆ ಹೊರಟೆ, ಎಷ್ಟು ಹೊತ್ತಿಗೆ ಮರಳುವೆ ಎಂದು ನೆಲದ ಮೇಲಿನ ಒಬ್ಬರಿಗೆ ತಿಳಿಸಿ ಹೋಗುತ್ತಾರೆ, ಹೊತ್ತು ಮೀರಿದರೆ ಹುಡುಕಲು ಹೊರಡುತ್ತಾರೆ. ಇವನು ತಿಳಿಸುತ್ತಿದ್ದದ್ದು ವಿಮಾನದ ಪಾಲುದಾರರಲ್ಲೊಬ್ಬನಿಗೆ.

ಆಗ ಕಾಗದ ಬರೆದೆ. ಹಾರಬೇಡ ಎಂದು ಬರೆಯಲಿಲ್ಲ. ಹಾಗೆ ಬರೆಯುವ ಅಧಿಕಾರ ನನಗಿದೆಯೆಂದು ತೋರಲಿಲ್ಲ. ಹಾರು ಎಂದೂ ಬರೆಯಲಿಲ್ಲ. ಹೆಂಡತಿಯೊಡನೆ ಮುಚ್ಚುಮರೆಯಿಲ್ಲದೆ ಮಾತಾಡು, ಅವಳು ಒಲ್ಲೆನೆಂದರೆ ಆ ಮಾತು ನನ್ನ ಮಾತಿಗಿಂತ ದೊಡ್ಡದು ಎಂದೆ. ಇನ್ನು ಮೇಲೆ ನಿನ್ನ ಬಿಲ್ಲೆಯನ್ನು ಹಟ್ಟಿಯಲ್ಲಿಯೂ ಇಡು ಎಂದೆ. ಏರುವ ಮುಂಚೆ ಅಪ್ಪನಿಗೆ ತಿಳಿಸು. ಇಳಿದ ಮೇಲೆ ತಿಳಿಸು. ಅವರು ಹೆದರುತ್ತಾರೆಂದು ಮುಚ್ಚಿಟ್ಟರೆ ಪಣದಲ್ಲಿ ಅವರ ಪಾಲನ್ನು ಅವರಿಗೆ ಹೇಳದೆ ಇಟ್ಟಂತೆ.

ಹುಡುಗ ಒಪ್ಪಿದ. ಅಲ್ಲಿ ಚಳಿಗಾಲದ ಮಧ್ಯಾಹ್ನವೆಂದರೆ ನಮಗೆ ರಾತ್ರಿ ಹನ್ನೊಂದೂವರೆ. ಸೂಟಿಯ ದಿನ ಹಟ್ಟಿಯ ಆ ಮನೆಯಲ್ಲಿ ಎರಡು ಸಂದೇಶಗಳ ನಡುವೆ ದೀಪ ಉರಿಯುತ್ತಿರುತ್ತದೆ. ಹಿರಿಯರ ಹೆಂಡತಿ ನನಗೆ ಆಶೀರ್ವಾದ ಮಾಡುತ್ತಾರೋ ಶಾಪ ಹಾಕುತ್ತಾರೋ ಹೇಳಲಾರೆ. ಮೊದಲಾದರೆ ತಿಳಿಯದೆ ನಿದ್ದೆಯಾದರೂ ಬರುತ್ತಿತ್ತು ಎಂದರಂತೆ. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ.

ಮೊನ್ನೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಹಿರಿಯರು ಸಿಕ್ಕರು. ಕಾಗದದ ಫಲ ಹೇಗಿದೆಯೆಂದು, ಸ್ವಲ್ಪ ಹೊಗಳಿಕೆಯ ಆಸೆಯಿಂದಲೇ, ಕೇಳಿದೆ.

"ಏರಾಗ ಹೇಳ್ತಾನ, ಇಳಿದಾಗ ಹೇಳ್ತಾನ. ಸುಳ್ಳು ಯಾಕ ಹೇಳ್ಲಿ?" ಎಂದರು. ಬಸ್ಸು ಬಂದಿತ್ತು; ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿದರು. "ಯಾಕ ಏರ್ತೀನಂತ ಮಾತ್ರ ಇನ್ನೂ ಹೇಳಿಲ್ಲ ನೋಡ್ರಿ."